ಕುಸನೂರ ಪರಿಸರದಲ್ಲಿ ದೊರೆಯುವ ಅಪರಿಚಿತ ಶಿಲೆ-ಖನಿಜಗಳನ್ನು ಗುರುತಿಸುವ ಕ್ರಮ

ಭೂವಿಜ್ಞಾನವನ್ನು ಬೋಧಿಸುವ ಅಧ್ಯಾಪಕರ ಮುಂದೆ ವರ್ಷದಲ್ಲಿ ಹಲವು ಬಾರಿ ಬಂದು ನಿಲ್ಲುವ ಪ್ರಶ್ನೆಯೊಂದುಂಟು: “ಇದು ಯಾವ ಕಲ್ಲು?” ಬಾವಿ ತೋಡುವಾಗ ಸಿಕ್ಕ ಹೊಳೆಯುವ ಹರಳನ್ನು ರೈತನು ತರುತ್ತಾನೆ, ಹೊಲದ ಬದುವಿನಲ್ಲಿ ಆರಿಸಿದ ಭಾರವಾದ ಕಪ್ಪು ಗುಂಡನ್ನು ವಿದ್ಯಾರ್ಥಿಯು ತರುತ್ತಾನೆ. ಒಬ್ಬನಿಗೆ ಅದು ಚಿನ್ನವಾಗಿರಬೇಕೆಂಬ ಆಸೆ, ಇನ್ನೊಬ್ಬನಿಗೆ ಅದು ಆಕಾಶದಿಂದ ಬಿದ್ದ ಉಲ್ಕೆಯಾಗಿರಬೇಕೆಂಬ ಕುತೂಹಲ. ಕಲ್ಲನ್ನು ಕಣ್ಣಳತೆಯಿಂದ ನೋಡಿ ಕೂಡಲೇ ಹೆಸರು ಹೇಳಿಬಿಡುವುದು ಸುಲಭ. ಹೇಳಿದ ಹೆಸರನ್ನು ಸಮರ್ಥಿಸುವುದು ಅಷ್ಟು ಸುಲಭವಲ್ಲ. ಕಲಬುರಗಿ ನಗರದ ಅಂಚಿನಲ್ಲಿರುವ ಕುಸನೂರ ಮತ್ತು ಅದರ ಉತ್ತರ-ದಕ್ಷಿಣಗಳಲ್ಲಿ ಹಬ್ಬಿರುವ ನೆಲವನ್ನು ಉದಾಹರಣೆಯಾಗಿಟ್ಟುಕೊಂಡು, ಅಪರಿಚಿತ ಶಿಲೆ-ಖನಿಜಗಳನ್ನು ಸರಳ ಸಾಧನಗಳಿಂದ ಕ್ರಮವರಿತು ಗುರುತಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಶಿಲೆ ಮತ್ತು ಖನಿಜ

ಮೊದಲಿಗೆ ಈ ಎರಡು ಪದಗಳ ಅರ್ಥವ್ಯತ್ಯಾಸವನ್ನು ಗ್ರಹಿಸುವುದು ಅವಶ್ಯಕ. ನಿಸರ್ಗದಲ್ಲಿ ತಾನಾಗಿ ಉಂಟಾದ, ನಿಶ್ಚಿತವಾದ ರಾಸಾಯನಿಕ ಸಂಯೋಜನೆಯನ್ನೂ ಪರಮಾಣುಗಳ ಕ್ರಮಬದ್ಧ ಜೋಡಣೆಯನ್ನೂ ಹೊಂದಿದ ಘನವಸ್ತುವೇ ಖನಿಜ. ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘವು ಇಂದಿನವರೆಗೆ ಮಾನ್ಯ ಮಾಡಿರುವ ಖನಿಜಗಳು 6000ಕ್ಕೂ ಹೆಚ್ಚು. ಒಂದು ಅಥವಾ ಹಲವು ಖನಿಜಗಳ ಕಣಗಳು ಕೂಡಿ ಆದ ರಾಶಿಯೇ ಶಿಲೆ. ಆದಕಾರಣ ಖನಿಜವನ್ನು ಅದರ ಗುಣಗಳಿಂದ ಗುರುತಿಸಬೇಕು; ಶಿಲೆಯನ್ನು ಅದರೊಳಗಿನ ಖನಿಜಗಳು, ಕಣಗಳ ಗಾತ್ರ ಹಾಗೂ ಅವು ಒಂದಕ್ಕೊಂದು ಹೆಣೆದುಕೊಂಡಿರುವ ರೀತಿ ಇವುಗಳಿಂದ ಗುರುತಿಸಬೇಕು. ಖನಿಜಗಳ ಸಂಖ್ಯೆಯನ್ನು ಕೇಳಿ ವಿದ್ಯಾರ್ಥಿಯು ಎದೆಗುಂದಬೇಕಾಗಿಲ್ಲ. ಒಂದು ಊರಿನ ಸುತ್ತ ಕಣ್ಣಿಗೆ ಬೀಳುವ ಖನಿಜಗಳು ಬಹುಶಃ ಎರಡು ಡಜನ್ನನ್ನು ಮೀರಲಾರವು. ಯಾವ ನೆಲದಲ್ಲಿ ಏನು ದೊರೆಯಬಹುದು, ಏನು ದೊರೆಯಲಾರದು ಎಂಬುದನ್ನು ಮೊದಲು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪ್ರದೇಶದ ಶಿಲಾರಚನೆ

ಕುಸನೂರ ಮತ್ತು ಕಲಬುರಗಿಯ ಸುತ್ತಣ ಎರೆಭೂಮಿಯ ಕೆಳಗಿರುವುದು ಕರಿಕಲ್ಲು, ಎಂದರೆ ಬಸಾಲ್ಟ್. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಪದರ ಪದರವಾಗಿ ಹೆಪ್ಪುಗಟ್ಟಿ ಆದ ದಕ್ಷಿಣ ಪ್ರಸ್ಥಭೂಮಿಯ ಮಹಾರಾಶಿಯ ಆಗ್ನೇಯ ಅಂಚು ಇದು. ಪ್ರತಿಯೊಂದು ಪದರದ ಮೇಲ್ಭಾಗದಲ್ಲಿ, ಅನಿಲಗಳು ಹೊರಬೀಳುವಾಗ ಉಳಿದ ಗುಳ್ಳೆಗಳು ಕಾಣುತ್ತವೆ. ಮುಂದೆ ಬಹುಕಾಲ ಹರಿದ ನೀರು ಆ ಗುಳ್ಳೆಗಳೊಳಗೆ ಸ್ಫಟಿಕ, ಅಗೇಟ್, ಕ್ಯಾಲ್ಸೈಟ್ ಮತ್ತು ಜಿಯೊಲೈಟುಗಳೆಂಬ ಖನಿಜಗಳನ್ನು ತುಂಬಿದೆ. ಎರಡು ಪದರಗಳ ನಡುವೆ ಕೆಲವೆಡೆ ಕೆಂಪು ಜೇಡಿಯ ತೆಳು ಹಾಸೊಂದು ಇರುತ್ತದೆ. ಹಳೆಯ ಪದರದ ಮೇಲಿನ ಮಣ್ಣು ಹೊಸ ಲಾವಾದ ಕಾವಿಗೆ ಸುಟ್ಟು ಆದದ್ದು ಇದು.

ದಕ್ಷಿಣಕ್ಕೆ ಸಾಗಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಗೆ ಹೋದರೆ ಲಾವಾದ ಹೊದಿಕೆ ಸವೆದು ಅದರ ಕೆಳಗಿನ ಸುಣ್ಣಕಲ್ಲು ಬಯಲಾಗುತ್ತದೆ. ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದ ಫರಸಿ ಇದೇ. ಇದು ಲಾವಾಕ್ಕಿಂತ ಬಹು ಪ್ರಾಚೀನವಾದ, ಪ್ರೊಟೆರೋಜೋಯಿಕ್ ಕಾಲದ್ದೆಂದು ಗಣಿಸಲಾಗಿರುವ ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಈ ಸಮೂಹವನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ವಿವರಿಸಿದರು. ಇನ್ನೂ ದಕ್ಷಿಣಕ್ಕೆ ಯಾದಗಿರಿ, ಸುರಪುರಗಳ ಕಡೆ ಎಲ್ಲಕ್ಕೂ ಅಡಿಪಾಯವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಕಾಣಿಸಿಕೊಳ್ಳುತ್ತವೆ. ಉತ್ತರಕ್ಕೆ ಕಮಲಾಪುರವನ್ನು ದಾಟಿ ಹುಮನಾಬಾದ, ಬೀದರಗಳತ್ತ ಏರಿದಂತೆ ಕರಿಕಲ್ಲಿನ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಟೊಪ್ಪಿಗೆ ಕೂಡುತ್ತದೆ. ಕರಿಕಲ್ಲೇ ಮಳೆ-ಬಿಸಿಲುಗಳಿಗೆ ದೀರ್ಘಕಾಲ ಸಿಕ್ಕು, ಸಿಲಿಕಾವನ್ನು ಕಳೆದುಕೊಂಡು, ಕಬ್ಬಿಣ-ಅಲ್ಯೂಮಿನಿಯಂಗಳನ್ನು ಉಳಿಸಿಕೊಂಡು ಆದದ್ದು ಈ ಜಂಬಿಟ್ಟಿಗೆ.

ಹೀಗೆ ಒಂದು ದಿನದ ಪ್ರಯಾಣದಲ್ಲಿ ಗ್ರಾನೈಟ್, ಸುಣ್ಣಕಲ್ಲು, ಕರಿಕಲ್ಲು, ಜಂಬಿಟ್ಟಿಗೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ಏರಬಹುದು. ಶಿಲೆಯನ್ನು ಕಲಿಯುವವರಿಗೆ ಇಂತಹ ನೆಲ ಎಲ್ಲೆಡೆಯೂ ಸಿಗುವುದಿಲ್ಲ.

ಪರೀಕ್ಷೆಗಳ ಕ್ರಮ

ಬೇಕಾಗುವ ಸಾಧನಗಳು ಅಲ್ಪ: ಒಂದು ಸುತ್ತಿಗೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಉಕ್ಕಿನ ಚಾಕು, ತಾಮ್ರದ ತುಂಡು, ಗಾಜಿನ ಚೂರು, ಮೆರುಗಿಲ್ಲದ ಪಿಂಗಾಣಿ ಬಿಲ್ಲೆ, ಅಯಸ್ಕಾಂತ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಚಿಕ್ಕ ಸೀಸೆ ಮತ್ತು ಒಂದು ತಕ್ಕಡಿ.

ಮೊದಲನೆಯದಾಗಿ, ಕಲ್ಲು ದೊರೆತ ಸ್ಥಳವನ್ನು ಬರೆದುಕೊಳ್ಳಬೇಕು. ಅದು ನೆಲದ ಬಂಡೆಯಿಂದ ಒಡೆದು ತೆಗೆದದ್ದೇ, ಮಣ್ಣಿನಲ್ಲಿ ಬಿಡಿಯಾಗಿ ಬಿದ್ದಿದ್ದೇ, ಹಳ್ಳದಲ್ಲಿ ಉರುಳಿ ಬಂದದ್ದೇ, ರಸ್ತೆಗೆ ಬೇರೆಡೆಯಿಂದ ತಂದು ಹಾಕಿದ ಜಲ್ಲಿಯೇ ಎಂಬುದು ತಿಳಿಯದಿದ್ದರೆ ಮುಂದಿನ ತರ್ಕವೆಲ್ಲ ದಾರಿ ತಪ್ಪುತ್ತದೆ.

ಎರಡನೆಯದಾಗಿ, ಕಲ್ಲನ್ನು ಒಡೆದು ಹೊಸ ಮೈಯನ್ನು ನೋಡಬೇಕು. ಹೊರಮೈಯ ಬಣ್ಣ ಗಾಳಿ, ಮಳೆ, ಮಣ್ಣುಗಳು ಕೊಟ್ಟದ್ದು. ಕುಸನೂರಿನ ಕರಿಕಲ್ಲು ಹೊರಗೆ ಕಂದಾಗಿ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚಿ ದುಂಡಗಾಗುತ್ತದೆ. ಒಳಗಿನ ತಿರುಳು ಮಾತ್ರ ಕಪ್ಪಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಒಳಗಿನ ಬಣ್ಣವನ್ನು ಕೂಡ ಪೂರ್ತಿಯಾಗಿ ನಂಬಲಾಗದು. ಬೆಣಚುಕಲ್ಲು ಬಿಳುಪು, ನೇರಳೆ, ಕಂದು, ಕಪ್ಪು ಹೀಗೆ ಹಲವು ಬಣ್ಣಗಳಲ್ಲಿ ದೊರೆಯುತ್ತದೆ.

ಬಣ್ಣಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಒರೆಯ ಬಣ್ಣ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತೀಡಿ ಅದರ ಗೆರೆಯಿಂದ ಬೆಲೆ ಕಟ್ಟುವಂತೆ, ಖನಿಜವನ್ನು ಪಿಂಗಾಣಿ ಬಿಲ್ಲೆಯ ಮೇಲೆ ತೀಡಿ ಉಳಿಯುವ ಪುಡಿಯ ಬಣ್ಣವನ್ನು ನೋಡಬೇಕು. ಹೆಮಟೈಟ್ ಹೊರಗೆ ಉಕ್ಕಿನಂತೆ ಬೂದಾಗಿದ್ದರೂ ಅದರ ಗೆರೆ ರಕ್ತದಂತೆ ಕೆಂಗಂದು. ಮ್ಯಾಗ್ನೆಟೈಟಿನ ಗೆರೆ ಕಪ್ಪು. ಜಂಬಿಟ್ಟಿಗೆಯಲ್ಲಿರುವ ಗೋಥೈಟಿನ ಗೆರೆ ಹಳದಿಗಂದು. ಪಿಂಗಾಣಿಗಿಂತ ಗಟ್ಟಿಯಾದ ಖನಿಜಗಳು ಗೆರೆಯನ್ನು ಬಿಡದೆ ಬಿಲ್ಲೆಯನ್ನೇ ಗೀರುತ್ತವೆ.

ತರುವಾಯದ್ದು ಕಾಠಿಣ್ಯ. 1812ರಲ್ಲಿ ಫ್ರೀಡ್ರಿಶ್ ಮೋಸ್ ಎಂಬ ಖನಿಜವಿಜ್ಞಾನಿಯು ಹತ್ತು ಖನಿಜಗಳನ್ನು ಒಂದು ಇನ್ನೊಂದನ್ನು ಗೀರುವ ಸಾಮರ್ಥ್ಯದ ಮೇರೆಗೆ ಸಾಲಾಗಿ ಜೋಡಿಸಿದನು: 1 ಬಳಪದ ಕಲ್ಲು, 2 ಜಿಪ್ಸಂ, 3 ಕ್ಯಾಲ್ಸೈಟ್, 4 ಫ್ಲೋರೈಟ್, 5 ಅಪಟೈಟ್, 6 ಫೆಲ್ಡ್‌ಸ್ಪಾರ್, 7 ಬೆಣಚುಕಲ್ಲು, 8 ಪುಷ್ಯರಾಗ, 9 ಕುರುಂದ, 10 ವಜ್ರ. ಈ ಅಂಕಿಗಳು ಕೇವಲ ಸ್ಥಾನಸೂಚಕಗಳು. 10ನೆಯದು 5ನೆಯದರ ಎರಡು ಪಟ್ಟು ಗಟ್ಟಿಯೆಂದು ಅರ್ಥವಲ್ಲ. ಕ್ಷೇತ್ರದಲ್ಲಿ ಉಗುರನ್ನು ಸುಮಾರು 2.5, ತಾಮ್ರವನ್ನು 3, ಚಾಕು ಮತ್ತು ಗಾಜುಗಳನ್ನು ಸುಮಾರು 5.5 ಎಂದು ಎಣಿಸಬಹುದು. ಗೀರಿದ ಮೇಲೆ ಬೆರಳಿನಿಂದ ಒರೆಸಿ ನೋಡುವುದು ಅವಶ್ಯ. ಅನೇಕ ವೇಳೆ ಕಲ್ಲಿನ ಮೇಲಿನ ಗೆರೆ ಗೀರಲ್ಲ, ಚಾಕುವಿನ ಉಕ್ಕೇ ಸವೆದು ಅಂಟಿದ ಗುರುತು.

ಅಂತೆಯೇ ಖನಿಜವು ಒಡೆಯುವ ರೀತಿಯನ್ನು ಗಮನಿಸಬೇಕು. ಕ್ಯಾಲ್ಸೈಟ್ ಮೂರು ದಿಕ್ಕುಗಳಲ್ಲಿ ಸೀಳಿ, ಓರೆಯಾದ ಚಿಕ್ಕ ಪೆಟ್ಟಿಗೆಗಳಂತೆ ಬೇರೆಯಾಗುತ್ತದೆ. ಅಭ್ರಕವು ಒಂದೇ ದಿಕ್ಕಿನಲ್ಲಿ ಹಾಳೆಹಾಳೆಯಾಗಿ ಎದ್ದುಬರುತ್ತದೆ. ಬೆಣಚುಕಲ್ಲಿಗೆ ಇಂತಹ ಸೀಳಿಕೆಯಿಲ್ಲ. ಅದು ಗಾಜಿನಂತೆ, ಚಿಪ್ಪಿನ ಒಳಮೈಯ ಆಕಾರದಲ್ಲಿ ಒಡೆಯುತ್ತದೆ.

ಸಾಪೇಕ್ಷ ಸಾಂದ್ರತೆಯನ್ನು ಅಳೆಯಲು ಆರ್ಕಿಮಿಡೀಸನ ತತ್ತ್ವವೊಂದು ಸಾಕು. ಕಲ್ಲನ್ನು ಮೊದಲು ಗಾಳಿಯಲ್ಲಿ, ಅನಂತರ ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗಬೇಕು. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಗಾಳಿಯಲ್ಲಿ 290 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 190 ಗ್ರಾಂ ತೂಗಿದರೆ ಅದರ ಸಾಂದ್ರತೆ 2.9, ಗಟ್ಟಿ ಕರಿಕಲ್ಲಿಗೆ ಈ ಬೆಲೆ ಒಪ್ಪುತ್ತದೆ. ಬೆಣಚುಕಲ್ಲಿನದು 2.65, ಕ್ಯಾಲ್ಸೈಟಿನದು 2.71. ಇವೆರಡೂ ಹತ್ತಿರ ಹತ್ತಿರವಾಗಿರುವುದರಿಂದ ಸಾಮಾನ್ಯ ತಕ್ಕಡಿಯೊಂದನ್ನೇ ನಂಬಿ ಅವನ್ನು ಬೇರ್ಪಡಿಸಲಾಗದು. ಗುಳ್ಳೆಗಳುಳ್ಳ ಕಲ್ಲಿನಲ್ಲಿ ಗಾಳಿ ಸೇರಿಕೊಂಡು ಬೆಲೆ ತಗ್ಗುವುದನ್ನೂ ನೆನಪಿನಲ್ಲಿಡಬೇಕು.

ಕೊನೆಯದು ಆಮ್ಲಪರೀಕ್ಷೆ. ಒಂದು ಹನಿ ಆಮ್ಲ ಬಿದ್ದೊಡನೆ ಕ್ಯಾಲ್ಸೈಟ್ ಬುರುಬುರು ನೊರೆಗಟ್ಟುತ್ತದೆ. ಹೊರಬರುವುದು ಇಂಗಾಲದ ಡೈಆಕ್ಸೈಡು. ಡೋಲೊಮೈಟ್ ಹಾಗೆ ತಕ್ಷಣ ನೊರೆಯನ್ನು ಕೊಡದು; ಅದನ್ನು ಪುಡಿ ಮಾಡಿ ಹನಿ ಹಾಕಿದರೆ ಅಥವಾ ಆಮ್ಲವನ್ನು ಬಿಸಿ ಮಾಡಿದರೆ ಮಾತ್ರ ನೊರೆ ಕಾಣುತ್ತದೆ. ಆಮ್ಲವನ್ನು ದುರ್ಬಲಗೊಳಿಸುವಾಗ ನೀರಿಗೆ ಆಮ್ಲವನ್ನು ಹಾಕಬೇಕೇ ವಿನಾ ಆಮ್ಲಕ್ಕೆ ನೀರನ್ನು ಎಂದೂ ಸುರಿಯಬಾರದು.

ಸಾಮಾನ್ಯವಾದ ಭ್ರಾಂತಿಗಳು

ಈ ಪ್ರದೇಶದಲ್ಲಿ ಕಲ್ಲುಗಳು ಒಂದರ ವೇಷವನ್ನು ಇನ್ನೊಂದು ತೊಟ್ಟು ಮೋಸಗೊಳಿಸುವ ಸಂದರ್ಭಗಳು ಹಲವು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಮಾತ್ರ ಇಲ್ಲಿ ಪರಿಶೀಲಿಸಬಹುದು.

ಕಡುಬೂದು ಬಣ್ಣದ ಸುಣ್ಣಕಲ್ಲೂ ನಯವಾದ ಕರಿಕಲ್ಲೂ ಧೂಳು ಕವಿದಾಗ ಒಂದೇ ಬಗೆಯಾಗಿ ತೋರುತ್ತವೆ. ಚಾಕು ಸುಣ್ಣಕಲ್ಲನ್ನು ಸುಲಭವಾಗಿ ಗೀರುತ್ತದೆ, ಕರಿಕಲ್ಲನ್ನು ಗೀರಲು ಹೆಣಗುತ್ತದೆ. ಆಮ್ಲವು ಸಂಶಯವನ್ನು ಪೂರ್ಣವಾಗಿ ತೀರಿಸುತ್ತದೆ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕರಿಕಲ್ಲಿನ ಗುಳ್ಳೆಗಳಲ್ಲಿ ಕ್ಯಾಲ್ಸೈಟ್ ತುಂಬಿದ್ದರೆ ಅಲ್ಲಿ ನೊರೆ ಬರುತ್ತದೆ. ಎರೆಮಣ್ಣಿನ ಸುಣ್ಣದ ಹರಳು ಹೊರಮೈಗೆ ಅಂಟಿದ್ದರೆ ಅಲ್ಲಿಯೂ ಬರುತ್ತದೆ. ಹನಿಯನ್ನು ಹಾಕಬೇಕಾದದ್ದು ಹೊಸದಾಗಿ ಒಡೆದ ತಿರುಳಿನ ಮೇಲೆ.

ಗುಳ್ಳೆಗಳಲ್ಲಿ ಬೆಳೆದ ಬಿಳಿಯ ಹರಳುಗಳು ಬೆಣಚುಕಲ್ಲೇ, ಕ್ಯಾಲ್ಸೈಟೇ, ಜಿಯೊಲೈಟೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಗಾಜನ್ನು ಗೀರುವುದು ಬೆಣಚುಕಲ್ಲು. ಆಮ್ಲಕ್ಕೆ ನೊರೆಗಟ್ಟುವುದು ಕ್ಯಾಲ್ಸೈಟ್. ಗಾಜನ್ನು ಗೀರದೆ, ನೊರೆಯನ್ನೂ ಕೊಡದೆ, ಕಟ್ಟಿದ ಸಿವುಡಿನಂತೆಯೋ ಸೂಜಿಗಳ ಗೊಂಚಲಿನಂತೆಯೋ ಕಾಣುವುದು ಬಹುಮಟ್ಟಿಗೆ ಜಿಯೊಲೈಟ್. ಅದನ್ನು ಗಾಜಿನ ನಳಿಕೆಯಲ್ಲಿಟ್ಟು ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಹೊರಟು ನಳಿಕೆಯ ಮೇಲ್ಭಾಗದಲ್ಲಿ ಹನಿಗಟ್ಟುತ್ತದೆ. ಸ್ವೀಡನ್ನಿನ ಕ್ರೋನ್‌ಸ್ಟೆಟ್ 1756ರಲ್ಲಿ ಇದನ್ನು ಕಂಡು “ಕುದಿಯುವ ಕಲ್ಲು” ಎಂಬ ಅರ್ಥದ ಗ್ರೀಕ್ ಪದಗಳಿಂದ ಆ ಹೆಸರನ್ನಿಟ್ಟನು.

ಚಿನ್ನದ ಭ್ರಮೆಯನ್ನು ಹುಟ್ಟಿಸುವವು ಮೂರು. ಅಭ್ರಕವು ಹಾಳೆಯಾಗಿ ಏಳುತ್ತದೆ. ಜನರು ಇದನ್ನು ಕಾಗೆ ಬಂಗಾರವೆಂದು ಕರೆದಿರುವುದು ಸಾರ್ಥಕವಾಗಿದೆ. ಪೈರೈಟ್ ಚಾಕುವಿಗೆ ಬಗ್ಗುವುದಿಲ್ಲ, ಒರೆ ಹಚ್ಚಿದರೆ ಹಸುರುಗಪ್ಪು ಗೆರೆಯನ್ನು ಬಿಡುತ್ತದೆ, ಬಡಿದರೆ ಪುಡಿಯಾಗುತ್ತದೆ. ಚಾಲ್ಕೊಪೈರೈಟನ್ನು ಚಾಕು ಗೀರುತ್ತದೆ, ಆದರೆ ಅದರ ಗೆರೆಯೂ ಹಸುರುಗಪ್ಪೇ. ನಿಜವಾದ ಚಿನ್ನ ಬಡಿದರೆ ತಗಡಾಗುತ್ತದೆ, ಅದರ ಗೆರೆಯೂ ಚಿನ್ನದ ಬಣ್ಣವೇ, ಶುದ್ಧ ಚಿನ್ನದ ಸಾಂದ್ರತೆ 19.3. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನವಿರುವುದು ಅಲ್ಲಿನ ಪ್ರಾಚೀನ ಶಿಲೆಗಳಲ್ಲಿ. ಕುಸನೂರಿನ ಕರಿಕಲ್ಲಿನಲ್ಲಿ ಅದನ್ನು ನಿರೀಕ್ಷಿಸಲು ಕಾರಣವಿಲ್ಲ.

ಉಲ್ಕೆಯೆಂದು ತರುವ ಕಲ್ಲುಗಳಲ್ಲಿ ಹೆಚ್ಚಿನವು ಹಳೆಯ ಕುಲುಮೆಗಳ ಕಬ್ಬಿಣದ ಕಿಟ್ಟ ಅಥವಾ ಕರಿಕಲ್ಲಿನ ಗುಂಡುಗಳೇ ಆಗಿರುವುದು ಸಹಜ. ಅಯಸ್ಕಾಂತವು ಎಳೆಯಿತೆಂಬುದೊಂದೇ ಸಾಕ್ಷ್ಯವಾಗದು. ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟಿನ ಕಣಗಳಿರುವುದರಿಂದ ಅದು ಕೂಡ ಅಯಸ್ಕಾಂತಕ್ಕೆ ಸ್ವಲ್ಪ ಓಗೊಡುತ್ತದೆ. ಒಳಗೆ ಗುಳ್ಳೆಗಳಿದ್ದರೆ ಉಲ್ಕೆಯಾಗಿರುವ ಸಂಭವ ತೀರ ಕಡಮೆ. ಸುಟ್ಟ ತೆಳು ಕಪ್ಪು ಪೊರೆ, ಉಜ್ಜಿದ ಮೈಯಲ್ಲಿ ಮಿನುಗುವ ನಿಕಲ್‌ಮಿಶ್ರಿತ ಕಬ್ಬಿಣದ ಕಣಗಳು ಎರಡೂ ಕಂಡಾಗ ಮಾತ್ರ ಮುಂದಿನ ಪರೀಕ್ಷೆಗೆ ಕಳುಹಬೇಕು.

ಕಲ್ಲಿನಲ್ಲಿ ಶಂಖ-ಚಿಪ್ಪುಗಳ ಗುರುತು ಕಂಡರೆ ಅದನ್ನು ಶಹಾಬಾದದ ಸುಣ್ಣಕಲ್ಲೆಂದು ಬರೆಯುವುದು ಸಲ್ಲದು. ಭೀಮಾ ಸುಣ್ಣಕಲ್ಲು ಚಿಪ್ಪುಳ್ಳ ಜೀವಿಗಳ ಕಾಲಕ್ಕಿಂತ ಹಿಂದಿನದೆಂಬುದು ಸಾಮಾನ್ಯ ಅಭಿಪ್ರಾಯ. ಅಂತಹ ಕಲ್ಲು ಲಾವಾ ಪದರಗಳ ನಡುವಿನ ಕೆರೆಗಳಲ್ಲಿ ಸಂಚಯವಾದದ್ದಾಗಿರಬಹುದು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯ ಇಂತಹ ಪದರಗಳಲ್ಲಿ ಮೃದ್ವಂಗಿಗಳ ಪಳೆಯುಳಿಕೆಗಳು ದೊರೆತಿವೆ.

ಒಂದು ನಿದರ್ಶನ

ಮೇಲ್ಕಂಡ ಕ್ರಮವನ್ನು ಒಂದು ಕಲ್ಪಿತ ನಿದರ್ಶನಕ್ಕೆ ಅನ್ವಯಿಸಿ ನೋಡೋಣ. ಕುಸನೂರ ಸಮೀಪದ ಎರೆಹೊಲದಲ್ಲಿ ಮುಷ್ಟಿಗಾತ್ರದ ಮಾಸಲು ಬಿಳುಪಿನ ಗಡ್ಡೆಯೊಂದು ಬಿಡಿಯಾಗಿ ದೊರೆಯಿತೆಂದು ಭಾವಿಸಿರಿ. ಬೆಣಚುಕಲ್ಲು, ಕ್ಯಾಲ್ಸೈಟ್, ಜಿಯೊಲೈಟ್, ಸುಣ್ಣದ ಹರಳು, ಅಗೇಟ್, ದಕ್ಷಿಣದಿಂದ ಬಂದ ಸುಣ್ಣಕಲ್ಲು ಇವೆಲ್ಲ ಆರಂಭದಲ್ಲಿ ಸಾಧ್ಯವಾದ ಉತ್ತರಗಳು.

ಹೊರಮೈಯ ಮೇಲೆ ಆಮ್ಲ ಹಾಕಿದಾಗ ಅಲ್ಲಲ್ಲಿ ನೊರೆ ಬಂದಿತು. ಇಲ್ಲಿಗೇ ನಿಂತರೆ ಸುಣ್ಣಕಲ್ಲೆಂದು ಬರೆದು ಮುಗಿಸಬಹುದಾಗಿತ್ತು. ಒಡೆದು ನೋಡಿದಾಗ ತಿರುಳು ಮೇಣದಂತೆ ಹೊಳೆಯುತ್ತ, ಅರೆಪಾರದರ್ಶಕವಾಗಿ, ಸಣ್ಣ ಪಟ್ಟೆಗಳಿಂದ ಕೂಡಿದೆ; ಅದರ ಮೇಲೆ ಆಮ್ಲ ನಿಶ್ಚಲ. ಆದ್ದರಿಂದ ನೊರೆಗೆ ಕಾರಣ ಮಣ್ಣಿನಿಂದ ಅಂಟಿದ ಸುಣ್ಣ. ಕ್ಯಾಲ್ಸೈಟ್, ಸುಣ್ಣದ ಹರಳು, ಸುಣ್ಣಕಲ್ಲು ಮೂರೂ ಪಟ್ಟಿಯಿಂದ ಹೊರಬಿದ್ದವು. ಚಾಕು ತಿರುಳನ್ನು ಗೀರದೆ ತನ್ನ ಗುರುತನ್ನೇ ಬಿಟ್ಟಿತು. ತಿರುಳಿನ ಅಂಚು ಗಾಜನ್ನು ಗೀರಿತು. ಜಿಯೊಲೈಟ್ ಹೋಯಿತು. ಸೀಳಿಕೆಯಿಲ್ಲ, ಚಿಪ್ಪಿನಾಕಾರದ ಒಡೆತವಿದೆ; ಗಾಳಿಯಲ್ಲಿ 260 ಗ್ರಾಂ, ನೀರಿನಲ್ಲಿ 160 ಗ್ರಾಂ, ಎಂದರೆ ಸಾಂದ್ರತೆ 2.6. ಇದು ಸಿಲಿಕಾವೇ; ಮಸೂರದಲ್ಲಿಯೂ ಬಿಡಿಬಿಡಿಯಾದ ಹರಳುಗಳು ಕಾಣದಿರುವುದರಿಂದ ಸೂಕ್ಷ್ಮಸ್ಫಟಿಕ ರೂಪದ ಕ್ಯಾಲ್ಸೆಡೊನಿ, ಪಟ್ಟೆಗಳಿರುವುದರಿಂದ ಅದರ ಪ್ರಭೇದವಾದ ಅಗೇಟ್. ಹೊರಗಿನ ಒಂದು ಕುಳಿಯಲ್ಲಿ ಕರಿಕಲ್ಲಿನ ಚೂರು ಇನ್ನೂ ಅಂಟಿಕೊಂಡಿದ್ದರೆ ತಾಯಿಶಿಲೆಯ ಸಾಕ್ಷ್ಯವೂ ದೊರೆತಂತಾಯಿತು: ಗುಳ್ಳೆಯಲ್ಲಿ ಬೆಳೆದ ಅಗೇಟ್, ಸುತ್ತಲಿನ ಶಿಲೆ ಸವೆದ ಬಳಿಕ ಮಣ್ಣಿಗೆ ಬಿದ್ದಿದೆ. ಇಲ್ಲಿ ಯಾವ ಒಂದು ಪರೀಕ್ಷೆಯೂ ಹೆಸರನ್ನು ಹೇಳಲಿಲ್ಲ. ಪ್ರತಿಯೊಂದೂ ಒಂದೆರಡು ಹೆಸರುಗಳನ್ನು ಅಳಿಸಿತು.

ಪ್ರಯೋಗಾಲಯದ ನೆರವು

ಕಣ್ಣು ಮತ್ತು ಚಾಕುಗಳ ಶಕ್ತಿಗೆ ಮಿತಿಯುಂಟು. ಸೂಕ್ಷ್ಮಕಣಗಳ ಶಿಲೆಯನ್ನು 0.03 ಮಿಲಿಮೀಟರಿನಷ್ಟು ತೆಳುವಾಗಿ ಉಜ್ಜಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಫೆಲ್ಡ್‌ಸ್ಪಾರಿನ ಪಟ್ಟಿಗಳೂ ಪೈರಾಕ್ಸೀನಿನ ಬಣ್ಣಗಳೂ ಬೇರೆ ಬೇರೆಯಾಗಿ ತೋರುತ್ತವೆ. ಜೇಡಿಖನಿಜಗಳಿಗೆ ಎಕ್ಸ್-ಕಿರಣಗಳ ವಿವರ್ತನವೇ ಗತಿ. ಇನ್ನೊಂದು ವಿಧಾನಕ್ಕೆ ನಮ್ಮ ನಾಡಿನೊಡನೆ ನಂಟುಂಟು. 1928ರಲ್ಲಿ ಪ್ರಕಟವಾದ ರಾಮನ್ ಪರಿಣಾಮವು ಇಂದು ಖನಿಜಗಳನ್ನು ಕೆಡಿಸದೆ ಗುರುತಿಸುವ ಸಾಧನವಾಗಿದೆ. ಬೆಂಗಳೂರಿನಲ್ಲಿ ತಮ್ಮ ಸಂಶೋಧನಾಲಯವನ್ನು 1948ರಲ್ಲಿ ಸ್ಥಾಪಿಸಿದ ಸಿ. ವಿ. ರಾಮನ್ ಅವರು ಸ್ವತಃ ಹರಳು-ಖನಿಜಗಳ ಅನುರಕ್ತ ಸಂಗ್ರಾಹಕರಾಗಿದ್ದರು. ಆದರೆ ಯಂತ್ರವು ತನ್ನೊಳಗಿಟ್ಟ ತುಣುಕಿನ ವಿಷಯವನ್ನಷ್ಟೇ ಹೇಳಬಲ್ಲದು. ಆ ತುಣುಕು ಎಲ್ಲಿಯದೆಂಬುದನ್ನು ತಂದವನೇ ಹೇಳಬೇಕು.

ಗುರುತಿನ ಹೊಣೆ

ಕಲ್ಲಿನ ಹೆಸರು ಸರಿಯಿದ್ದರೇನು, ತಪ್ಪಿದ್ದರೇನು ಎಂದು ಕೇಳುವವರುಂಟು. ಈ ಪ್ರದೇಶವೇ ಅದಕ್ಕೆ ಉತ್ತರ ಕೊಡುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ಬೀದರದಲ್ಲಿ ತೋಡಿದ ಸುರಂಗ ಬಾವಿಗಳು, ನೀರನ್ನು ಹೀರುವ ಜಂಬಿಟ್ಟಿಗೆಯೂ ನೀರನ್ನು ತಡೆಯುವ ಕರಿಕಲ್ಲೂ ಕೂಡುವ ಸಂಧಿಯನ್ನು ಅನುಸರಿಸಿ ಸಾಗುತ್ತವೆ. ಆ ಸಂಧಿಯನ್ನು ಗುರುತಿಸಬಲ್ಲವರಿದ್ದುದರಿಂದ ಎತ್ತರದ ಒಣ ನೆಲದ ಮೇಲೊಂದು ರಾಜಧಾನಿಗೆ ನೀರು ದೊರೆಯಿತು. ಜಂಬಿಟ್ಟಿಗೆಯನ್ನೂ ಲಾವಾ ಪದರಗಳ ನಡುವಿನ ಕೆಂಪು ಜೇಡಿಯನ್ನೂ ಬಣ್ಣವೊಂದನ್ನೇ ನೋಡಿ ಒಂದೆಂದು ಎಣಿಸಿದವನು, ನೀರು ನಿಲ್ಲದ ಕಡೆ ಬಾವಿ ತೋಡಿಸಿ ರೈತನ ಸಾಲವನ್ನು ಹೆಚ್ಚಿಸಬಲ್ಲನು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಉದ್ಯಮ ನಿಂತಿರುವುದು ಸುಣ್ಣಕಲ್ಲಿನ ಮೇಲೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನಲ್ಲಿ ಮೆಗ್ನೀಷಿಯಂ ಆಕ್ಸೈಡು ಶೇಕಡಾ 6ನ್ನು ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಮೀರಿದರೆ ಅದು ನಿಧಾನವಾಗಿ ಹಿಗ್ಗಿ ಕಟ್ಟಡವನ್ನು ಸೀಳುತ್ತದೆ. ಕ್ಯಾಲ್ಸೈಟಿಗೂ ಡೋಲೊಮೈಟಿಗೂ ಇರುವ ಅಂತರ ಅಲ್ಲಿ ಪುಸ್ತಕದ ಮಾತಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸ್ತರಭಂಗವನ್ನು ಅನುಸರಿಸಿ ಸುಣ್ಣಕಲ್ಲಿನಲ್ಲಿಯೂ ಗ್ರಾನೈಟಿನಲ್ಲಿಯೂ ಯುರೇನಿಯಂ ಖನಿಜಗಳು ಪತ್ತೆಯಾಗಿವೆ. ವಿಕಿರಣವು ಕಣ್ಣಿಗೆ ಕಾಣದಾದ ಕಾರಣ, ಅಪರಿಚಿತ ಖನಿಜವನ್ನು ನಾಲಗೆಗೆ ಹಚ್ಚಿ ನೋಡುವ ಹಳೆಯ ಅಭ್ಯಾಸವನ್ನು ವಿದ್ಯಾರ್ಥಿಗಳು ಸಂಪೂರ್ಣವಾಗಿ ಬಿಡಬೇಕು.

ಇನ್ನೊಂದು ಹೊಣೆ ಇತಿಹಾಸಕ್ಕೆ ಸಂಬಂಧಿಸಿದ್ದು. ಭೀಮಾ ಶಿಲೆಗಳನ್ನು ವಿವರಿಸಿದ ಫೂಟ್ ಅವರೇ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಕಲ್ಲೊಂದನ್ನು ಎತ್ತಿ, ಅದು ಮನುಷ್ಯನು ಕೆತ್ತಿದ ಆಯುಧವೆಂದು ಗುರುತಿಸಿದರು. ಭಾರತದ ಹಳೆಯ ಶಿಲಾಯುಗದ ಅಧ್ಯಯನ ಅಲ್ಲಿಂದ ಆರಂಭವಾಯಿತು. ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು 1983ರಲ್ಲಿ ಕಂಡುಹಿಡಿದು ಮುಂದೆ ಉತ್ಖನನ ನಡೆಸಿದ ನೆಲೆಯಲ್ಲಿ, ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣಕಲ್ಲಿನಿಂದ ಆದಿಮಾನವರು ಉಪಕರಣಗಳನ್ನು ತಯಾರಿಸುತ್ತಿದ್ದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆಂದು ಅಂದಾಜಿಸಲಾಗಿದೆ. ಸುಣ್ಣಕಲ್ಲುಗಳಲ್ಲಿ ಯಾವುದು ಮೆದು, ಯಾವುದು ಗಟ್ಟಿ ಎಂಬ ಪರೀಕ್ಷೆಯನ್ನು ಅವರು ಸುತ್ತಿಗೆಗಲ್ಲಿನಿಂದಲೇ ಮಾಡಿ ಮುಗಿಸಿದ್ದರು. ಅಂತಹ ಕಲ್ಲನ್ನು ಇಂದು ನಾವು ಜಲ್ಲಿಯೆಂದು ತುಳಿದು ಹೋಗುವ ಸಂಭವವುಂಟು. ಎರಡೂ ಮಗ್ಗುಲಿನಿಂದ ಚಕ್ಕೆ ಎಬ್ಬಿಸಿದ ಗುರುತುಳ್ಳ ಕಲ್ಲು ಕಂಡರೆ ಅದನ್ನು ಒಡೆಯದೆ, ಕದಲಿಸದೆ, ಸ್ಥಳವನ್ನು ಬರೆದುಕೊಂಡು ಪುರಾತತ್ವ ಬಲ್ಲವರಿಗೆ ತಿಳಿಸಬೇಕು. ಅಂತೆಯೇ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಶಿಲ್ಪಫಲಕಗಳು ಸುಣ್ಣಕಲ್ಲಿನವು. ಒಂದು ಹನಿ ಆಮ್ಲ ಅಲ್ಲಿ ಪರೀಕ್ಷೆಯಲ್ಲ, ಅಪಚಾರ.

ಅಧ್ಯಾಪಕರಲ್ಲಿ ಒಂದು ವಿನಂತಿ. ನಿಮ್ಮ ಕಾಲೇಜಿನ ಸಂಗ್ರಹದಲ್ಲಿರುವ ಪ್ರತಿಯೊಂದು ಮಾದರಿಯ ಜೊತೆಗೆ ಅದು ದೊರೆತ ಊರು, ನೆಲದ ಬಗೆ, ದಿನಾಂಕ, ನಡೆಸಿದ ಪರೀಕ್ಷೆಗಳು ಮತ್ತು ಅವುಗಳ ಫಲ ಇವನ್ನು ಬರೆಯಿಸಿ ಇಡಿರಿ. ನಿರ್ಣಯ ಖಚಿತವಾಗದಿದ್ದಲ್ಲಿ “ಸುಣ್ಣಕಲ್ಲು, ಬಹುಶಃ ಡೋಲೊಮೈಟ್‌ಮಿಶ್ರಿತ” ಎಂದು ಬರೆಯಲು ಸಂಕೋಚಪಡಬೇಕಾಗಿಲ್ಲ. ಇಂತಹ ಚೀಟಿಯುಳ್ಳ ಕಲ್ಲನ್ನು ಮುಂದಿನ ತಲೆಮಾರಿನ ವಿದ್ಯಾರ್ಥಿಯು ಮತ್ತೆ ಪರೀಕ್ಷಿಸಿ, ಅಗತ್ಯ ಬಿದ್ದರೆ ನಮ್ಮ ಹೆಸರನ್ನು ತಿದ್ದಬಲ್ಲನು. ಚೀಟಿಯಿಲ್ಲದ ಕಲ್ಲು ಎಷ್ಟೇ ಸುಂದರವಾಗಿದ್ದರೂ ಕಪಾಟಿನ ಭಾರವನ್ನು ಮಾತ್ರ ಹೆಚ್ಚಿಸುತ್ತದೆ.